ಸರ್ಕಾರ ತನಗೆ ತಾನೇ ಹಾಕಿಕೊಂಡ ಕಟ್ಟು
(ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಎಂಬ ಏರ್ಪಾಡಿನಲ್ಲಿ ಒಂದು ಕಟ್ಟುಪಾಡು ಇದೆ. ಮೂಲಧನವನ್ನು ಯಾರೂ ಮುಟ್ಟುವಂತಿಲ್ಲ. ಬರುವ ಬಡ್ಡಿಯಲ್ಲೇ ಕಾರ್ಯಕ್ರಮ ನಡೆಯಬೇಕು. ಹಣ ಕೊಟ್ಟವರು ಇಲ್ಲದ ಕಾಲಕ್ಕೂ, ಇನ್ನೂ ಹುಟ್ಟದ ಪದಾಧಿಕಾರಿಗಳಿಗೂ ಅನ್ವಯಿಸುವ ಷರತ್ತು ಅದು. ನಾಳೆ ಪೆಟ್ಟಿಗೆಯ ಬೀಗದ ಕೈ ಯಾರ ಕೈಗೆ ಹೋಗುತ್ತದೋ ಗೊತ್ತಿಲ್ಲ, ಇವತ್ತೇ ಬರೆದಿಟ್ಟುಬಿಡೋಣ ಎಂಬ ಎಚ್ಚರ ಅದರ ಹಿಂದಿದೆ. ನಾನಿಂದು ಮಾತನಾಡಲಿರುವ ವಿಷಯದ ತಿರುಳೂ ಇದೇ ಎಚ್ಚರ. ಅಮೆರಿಕದ ರಾಜ್ಯ ಸರ್ಕಾರಗಳಲ್ಲಿ ಕನ್ಸರ್ವೇಟಿವ್ ಪಂಥದವರು ಕಟ್ಟಳೆ, ಖರ್ಚು ಮತ್ತು ಹೊಣೆಗಾರಿಕೆಯ ವಿಚಾರದಲ್ಲಿ ಏನೇನು ಪ್ರಯೋಗ ಮಾಡಿದರು, ಅವುಗಳಿಂದ ಏನಾಯಿತು ಎಂಬುದನ್ನು ನಿಮ್ಮ ಮುಂದಿಡುತ್ತೇನೆ.

ಅಮೆರಿಕದ ರಾಜಕಾರಣವೆಂದರೆ ನಮ್ಮ ಪತ್ರಿಕೆಗಳಲ್ಲಿ ಬಹುತೇಕ ವಾಷಿಂಗ್ಟನ್ನಿನ ಸುದ್ದಿ. ಆದರೆ ಅಲ್ಲಿನ ಸಾಮಾನ್ಯ ಮನುಷ್ಯನ ದಿನದ ಬದುಕಿಗೆ ಹತ್ತಿರ ಇರುವುದು 50 ರಾಜ್ಯಗಳ ಸರ್ಕಾರಗಳು. ಶಾಲೆ, ಹೆದ್ದಾರಿ, ಜೈಲು, ವೈದ್ಯರ ನೋಂದಣಿ, ಕ್ಷೌರದಂಗಡಿಯ ಲೈಸೆನ್ಸ್ ಎಲ್ಲವೂ ಮುಖ್ಯವಾಗಿ ರಾಜ್ಯದ ಕೈಯಲ್ಲೇ ಇವೆ. ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರಂತೆ ನೇಮಕಗೊಂಡು ಬಂದವರಲ್ಲ. ಜನರ ನೇರ ಮತದಿಂದ ಗೆದ್ದು, ನಮ್ಮ ಮುಖ್ಯಮಂತ್ರಿಯ ಕೆಲಸ ಮಾಡುವವರು. ಸರ್ಕಾರ ಕಟ್ಟಳೆಗಳನ್ನು ಕಡಿಮೆ ಮಾಡಲಿ, ಇರುವುದರಲ್ಲಿ ಖರ್ಚು ತೂಗಿಸಲಿ, ಮಾಡಿದ್ದಕ್ಕೆ ಲೆಕ್ಕ ಕೊಡಲಿ ಎಂದು ಕನ್ಸರ್ವೇಟಿವ್ ಪಂಥ ಈ ಸರ್ಕಾರಗಳನ್ನು ಕೇಳುತ್ತ ಬಂದಿದೆ. ಈ ಬೇಡಿಕೆಗಳಲ್ಲಿ ಕೊನೆಯದೇ ಮೊದಲಾಗಬೇಕಿತ್ತು ಎಂಬುದು ನನ್ನ ವಾದ. ಅಧಿಕಾರದಲ್ಲಿರುವವರನ್ನು ಜನರೆದುರು ನಿಲ್ಲಿಸಿ ಉತ್ತರ ಹೇಳಿಸಿದ ಕಟ್ಟುಗಳು ಬಾಳಿವೆ. ಬರೀ ಖಜಾನೆಯನ್ನು ಬರಿದು ಮಾಡಿ, ಉತ್ತರ ಹೇಳುವ ಹೊಣೆಯನ್ನು ಮುಂದಿನವರ ಮೇಲೆ ಹಾಕಿದ ಕಟ್ಟುಗಳು ಮುರಿದಿವೆ.

ಈ ಕಥೆ ಅಧ್ಯಕ್ಷ ರೇಗನ್ ಕಾಲದ್ದು ಎಂದು ಹಲವರು ಭಾವಿಸಿದ್ದಾರೆ. ಅದರ ಬೇರು 1840ರ ದಶಕದಲ್ಲಿದೆ. 1825ರಲ್ಲಿ ನ್ಯೂಯಾರ್ಕ್ ರಾಜ್ಯ ಈರಿ ಕಾಲುವೆಯನ್ನು ತೆರೆಯಿತು. ಸುಂಕದ ಹಣ ಹರಿದುಬಂತು. ಅದನ್ನು ಕಂಡ ಉಳಿದ ರಾಜ್ಯಗಳಿಗೂ ಕಾಲುವೆ ಬೇಕಾಯಿತು, ರೈಲು ಬೇಕಾಯಿತು, ಸರ್ಕಾರಿ ಬಂಡವಾಳದ ಬ್ಯಾಂಕು ಬೇಕಾಯಿತು. ತೆರಿಗೆ ಹಾಕಿದರೆ ಜನ ಸಿಟ್ಟಾಗುತ್ತಾರೆ, ಸಾಲ ತಂದರೆ ಕಾಲುವೆಯ ಸುಂಕವೇ ಸಾಲ ತೀರಿಸುತ್ತದೆ ಎಂಬುದು ಆಗಿನ ಶಾಸಕರ ಲೆಕ್ಕಾಚಾರ. ಇಂಡಿಯಾನ ರಾಜ್ಯ 1836ರಲ್ಲಿ ಒಂದೇ ಕಾಯ್ದೆಯಲ್ಲಿ 1 ಕೋಟಿ ಡಾಲರಿನ ಕಾಮಗಾರಿಗಳಿಗೆ ಒಪ್ಪಿಗೆ ಕೊಟ್ಟಿತು. ಯಾವ ಜಿಲ್ಲೆಯ ಶಾಸಕನೂ ಮುನಿಸಿಕೊಳ್ಳದಂತೆ ಎಲ್ಲರಿಗೂ ಒಂದೊಂದು ಕಾಲುವೆಯನ್ನೋ ರಸ್ತೆಯನ್ನೋ ಹಂಚಲಾಗಿತ್ತು. ಮರುವರ್ಷವೇ, 1837ರಲ್ಲಿ, ಹಣದ ಮಾರುಕಟ್ಟೆ ಕುಸಿಯಿತು. ಅರ್ಧ ತೋಡಿದ ಕಾಲುವೆಗಳು ಅಲ್ಲಲ್ಲೇ ನಿಂತವು. 1841 ಮತ್ತು 1842ರಲ್ಲಿ ಎಂಟು ರಾಜ್ಯಗಳೂ ಆಗಿನ್ನೂ ರಾಜ್ಯವಾಗಿರದ ಫ್ಲಾರಿಡಾವೂ ಸಾಲದ ಕಂತು ಕಟ್ಟಲಾಗದೆ ಕೈಚೆಲ್ಲಿದವು. ಪೆನ್ಸಿಲ್ವೇನಿಯದ ಬಾಂಡುಗಳಲ್ಲಿ ಹಣ ತೊಡಗಿಸಿದ್ದ ಇಂಗ್ಲೆಂಡಿನವರ ಕೋಪ ಎಷ್ಟಿತ್ತೆಂದರೆ, ವರ್ಡ್ಸ್‌ವರ್ತ್ ಕವಿ ಆ ರಾಜ್ಯದ ಜನರನ್ನು ಉದ್ದೇಶಿಸಿ ಒಂದು ಸಾನೆಟ್ಟನ್ನೇ ಬರೆದರು.

ಕೇಂದ್ರ ಸರ್ಕಾರ ಈ ಸಾಲಗಳನ್ನು ತನ್ನ ಮೇಲೆ ಹಾಕಿಕೊಳ್ಳಲಿಲ್ಲ. ಆ ನಿರಾಕರಣೆಯೇ ಮುಂದಿನದಕ್ಕೆಲ್ಲ ದಾರಿ ಮಾಡಿತು. ಕಾಪಾಡುವವರು ಯಾರೂ ಇಲ್ಲ ಎಂದು ಖಚಿತವಾದ ಮೇಲೆ ರಾಜ್ಯಗಳು ತಮ್ಮ ಸಂವಿಧಾನಗಳನ್ನೇ ತಿದ್ದಿಕೊಂಡವು. ದೊಡ್ಡ ಸಾಲ ಎತ್ತಬೇಕಾದರೆ ಮತದಾರರ ಒಪ್ಪಿಗೆ ಬೇಕು ಎಂದು ನ್ಯೂಯಾರ್ಕ್ 1846ರಲ್ಲಿ ಬರೆದುಕೊಂಡಿತು. ಕೆಲವು ವಿನಾಯಿತಿಗಳ ಹೊರತು ಸಾಲವೇ ಬೇಡ ಎಂದು ಇಂಡಿಯಾನ 1851ರಲ್ಲಿ ಬರೆದುಕೊಂಡಿತು. ಇವತ್ತು ವರ್ಮಾಂಟ್ ಒಂದನ್ನು ಬಿಟ್ಟರೆ ಉಳಿದ 49 ರಾಜ್ಯಗಳಲ್ಲಿಯೂ ಆದಾಯಕ್ಕೆ ಸರಿದೂಗುವ ಬಜೆಟ್ ಇರಬೇಕೆಂಬ ಕಟ್ಟಳೆ ಒಂದಲ್ಲ ಒಂದು ರೂಪದಲ್ಲಿದೆ. ಅದನ್ನು ಯಾವುದೋ ಒಂದು ಪಕ್ಷ ಹೇರಿದ್ದಲ್ಲ. ಸುಟ್ಟುಕೊಂಡ ಒಂದು ತಲೆಮಾರು ಬರೆದಿಟ್ಟದ್ದು ಅದು. ಖರ್ಚಿನ ವಿಚಾರದಲ್ಲಿ ಕನ್ಸರ್ವೇಟಿವ್ ಎನ್ನಿಸಿಕೊಳ್ಳಬಹುದಾದ ಅತ್ಯುತ್ತಮ ಕೆಲಸ ಇದೇ ಎಂದು ನಾನು ತಿಳಿದಿದ್ದೇನೆ.

ಇನ್ನು ಕಟ್ಟಳೆಗಳ ವಿಚಾರ. ಅಮೆರಿಕದ ರಾಜ್ಯಗಳನ್ನು 'ಪ್ರಜಾಪ್ರಭುತ್ವದ ಪ್ರಯೋಗಶಾಲೆಗಳು' ಎಂದು ಕರೆಯುವ ವಾಡಿಕೆ ಇದೆ. ಅದು ಬಂದದ್ದು 1932ರ ಸುಪ್ರೀಂ ಕೋರ್ಟ್ ಪ್ರಕರಣವೊಂದರಲ್ಲಿ ನ್ಯಾಯಮೂರ್ತಿ ಲೂಯಿ ಬ್ರಾಂಡೈಸ್ ಬರೆದ ಭಿನ್ನ ತೀರ್ಪಿನಿಂದ. ವ್ಯಾಜ್ಯ ಮಂಜುಗಡ್ಡೆಯದು. ಒಕ್ಲಹೋಮ ರಾಜ್ಯದಲ್ಲಿ ಮಂಜುಗಡ್ಡೆ ತಯಾರಿಸಿ ಮಾರಲು 1925ರಿಂದ ಲೈಸೆನ್ಸ್ ಬೇಕಿತ್ತು. ಊರಿಗೆ ಇನ್ನೊಂದು ಕಾರ್ಖಾನೆಯ ಅಗತ್ಯವಿದೆ ಎಂದು ತೋರಿಸಿದರೆ ಮಾತ್ರ ಅದು ಸಿಗುತ್ತಿತ್ತು. ಲೀಬ್‌ಮನ್ ಎಂಬುವರು ಲೈಸೆನ್ಸ್ ಪಡೆಯದೆ ಒಕ್ಲಹೋಮ ನಗರದಲ್ಲಿ ಮಂಜುಗಡ್ಡೆಯ ವ್ಯಾಪಾರಕ್ಕಿಳಿದರು. ಅವರನ್ನು ನ್ಯಾಯಾಲಯಕ್ಕೆ ಎಳೆದದ್ದು ಸರ್ಕಾರವಲ್ಲ, ಮೊದಲೇ ಲೈಸೆನ್ಸ್ ಇದ್ದ ಇನ್ನೊಂದು ಕಂಪನಿ. ಬಹುಮತದ ತೀರ್ಪು ಲೀಬ್‌ಮನ್ ಕಡೆ ಬಂತು. ರಾಜ್ಯಗಳಿಗೆ ಪ್ರಯೋಗ ಮಾಡುವ ಸ್ವಾತಂತ್ರ್ಯವಿರಲಿ ಎಂದ ಬ್ರಾಂಡೈಸ್ ಮಾತು ಮಾತ್ರ ಇತಿಹಾಸದಲ್ಲಿ ಉಳಿಯಿತು. ಅಂದಿನಿಂದ ಪ್ರಯೋಗಶಾಲೆಯ ಮಾತನ್ನು ಎಡದವರೂ ಬಲದವರೂ ತಮ್ಮ ತಮ್ಮ ಅನುಕೂಲಕ್ಕೆ ಎತ್ತಿಕೊಳ್ಳುತ್ತಾರೆ. ಪ್ರಕರಣದ ಒಡಲಲ್ಲಿದ್ದ ಪ್ರಶ್ನೆಯನ್ನು ಮರೆಯುತ್ತಾರೆ. ಲೈಸೆನ್ಸ್ ಇರುವುದು ಗ್ರಾಹಕನ ರಕ್ಷಣೆಗೋ, ಮೊದಲು ಬಂದು ಕುಳಿತ ವ್ಯಾಪಾರಿಯ ರಕ್ಷಣೆಗೋ?

ಈ ಪ್ರಶ್ನೆಗೆ ನಾನು ಕಂಡಿರುವ ಅತ್ಯಂತ ಸ್ಪಷ್ಟ ಉತ್ತರ ಲೂಸಿಯಾನ ರಾಜ್ಯದ ಸೇಂಟ್ ಜೋಸೆಫ್ ಮಠದ್ದು. ಬೆನೆಡಿಕ್ಟೈನ್ ಪಂಥದ ಈ ಮಠ 1889ರಲ್ಲಿ ಸ್ಥಾಪನೆಯಾಯಿತು. ಪ್ರಾರ್ಥನೆಯ ಜೊತೆಗೆ ಕೈದುಡಿಮೆಯಿಂದಲೇ ಹೊಟ್ಟೆ ಹೊರೆಯಬೇಕೆಂಬುದು ಆ ಸನ್ಯಾಸಿಗಳ ನಿಯಮ. ನಮ್ಮ ಶರಣರ ಕಾಯಕವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಠಕ್ಕೆ ಮರದ ತೋಪುಗಳಿದ್ದವು. 2005ರ ಆಗಸ್ಟಿನಲ್ಲಿ ಕತ್ರಿನಾ ಚಂಡಮಾರುತ ಆ ಮರಗಳನ್ನು ಉರುಳಿಸಿತು. ಮರ ಮಾರಿ ಬದುಕುವ ದಾರಿ ಮುಚ್ಚಿದಾಗ, ತಮ್ಮಲ್ಲಿ ತೀರಿಕೊಂಡವರಿಗಾಗಿ ಹಿಂದಿನಿಂದಲೂ ಮಾಡುತ್ತಿದ್ದ ಸಾದಾ ಮರದ ಶವಪೆಟ್ಟಿಗೆಗಳನ್ನು ಹೊರಗಿನವರಿಗೂ ಮಾರಲು ಸನ್ಯಾಸಿಗಳು ನಿರ್ಧರಿಸಿದರು. 2007ರಲ್ಲಿ ಬಡಗಿಶಾಲೆ ಆರಂಭವಾಯಿತು.

ಒಂದು ಪೆಟ್ಟಿಗೆ ಮಾರುವ ಮೊದಲೇ ರಾಜ್ಯದ ಮಂಡಳಿಯೊಂದರ ಆದೇಶ ಬಂತು, ನಿಲ್ಲಿಸಿ ಎಂದು. ಲೂಸಿಯಾನದ ಆಗಿನ ಕಾನೂನಿನಂತೆ ರಾಜ್ಯದೊಳಗೆ ಶವಪೆಟ್ಟಿಗೆ ಮಾರಬಹುದಾದವರು ಅಂತ್ಯಸಂಸ್ಕಾರದ ವೃತ್ತಿಯ ಲೈಸೆನ್ಸ್ ಪಡೆದವರು ಮಾತ್ರ. ಮಠಕ್ಕೂ ಅದು ಬೇಕೆಂದರೆ 30 ಜನ ಕೂರುವ ದರ್ಶನದ ಹಜಾರ ಕಟ್ಟಬೇಕು, ಆರು ಪೆಟ್ಟಿಗೆಗಳನ್ನು ಇಡುವ ಪ್ರದರ್ಶನ ಕೋಣೆ ಬೇಕು, ಶವ ಕೆಡದಂತೆ ಕಾಯ್ದಿಡುವ ಸಲಕರಣೆ ಬೇಕು, ಲೈಸೆನ್ಸ್ ಇರುವ ಪೂರ್ಣಾವಧಿ ನೌಕರ ಬೇಕು. ಮಠ ಮಾಡಲು ಹೊರಟದ್ದು ಮರದ ಪೆಟ್ಟಿಗೆ. ಅದೇ ಲೂಸಿಯಾನದಲ್ಲಿ ಹೆಣವನ್ನು ಪೆಟ್ಟಿಗೆಯಲ್ಲೇ ಹೂಳಬೇಕೆಂಬ ಕಾನೂನಿಲ್ಲ. ಪೆಟ್ಟಿಗೆ ಹೀಗಿರಬೇಕೆಂಬ ಗುಣಮಟ್ಟದ ನಿಯಮವೂ ಇಲ್ಲ. ತಾನೇ ಮಾಡಿಕೊಂಡರೂ ಸರಿ, ಪಕ್ಕದ ರಾಜ್ಯದಿಂದ ತರಿಸಿದರೂ ಸರಿ. ಹಾಗಿದ್ದ ಮೇಲೆ ಈ ಕಟ್ಟಳೆ ಕಾಪಾಡುತ್ತಿದ್ದದ್ದು ಯಾರನ್ನು? ಆದೇಶ ಕೊಟ್ಟ ಮಂಡಳಿಯನ್ನು ನೋಡಿದರೆ ಉತ್ತರ ಸಿಗುತ್ತದೆ. ಒಂಬತ್ತು ಸದಸ್ಯರಲ್ಲಿ ಎಂಟು ಮಂದಿ ಅದೇ ವೃತ್ತಿಯವರು.

ಸನ್ಯಾಸಿಗಳು ಮೊದಲು ಶಾಸನಸಭೆಗೆ ಹೋದರು. ಎರಡು ಸಲ ಮಸೂದೆ ಬಿದ್ದುಹೋಯಿತು. 2010ರಲ್ಲಿ ಫೆಡರಲ್ ನ್ಯಾಯಾಲಯಕ್ಕೆ ಹೋದರು. ಅವರ ಪರ ನಿಂತದ್ದು ಇನ್‌ಸ್ಟಿಟ್ಯೂಟ್ ಫಾರ್ ಜಸ್ಟೀಸ್, ಆರ್ಥಿಕ ಸ್ವಾತಂತ್ರ್ಯದ ಪರ ವಾದಿಸುವ ವಕೀಲರ ಸಂಸ್ಥೆ. 2011ರಲ್ಲಿ ಗೆದ್ದರು. 2013ರ ಮಾರ್ಚಿನಲ್ಲಿ ಐದನೇ ವಲಯದ ಮೇಲ್ಮನವಿ ನ್ಯಾಯಾಲಯ ತೀರ್ಪನ್ನು ಎತ್ತಿಹಿಡಿಯಿತು. ಕೆಲವು ವ್ಯಾಪಾರಿಗಳಿಗೆ ಲಾಭ ಮಾಡಿಕೊಡುವುದೊಂದೇ ಉದ್ದೇಶವಾದರೆ ಅದು ಸರ್ಕಾರದ ನ್ಯಾಯವಾದ ಉದ್ದೇಶವಾಗದು ಎಂಬುದು ಆ ತೀರ್ಪಿನ ಸಾರ. ಇಂಥದ್ದೇ ಒಕ್ಲಹೋಮ ಕಾನೂನನ್ನು ಇನ್ನೊಂದು ವಲಯದ ನ್ಯಾಯಾಲಯ 2004ರಲ್ಲಿ ಸರಿಯೆಂದಿತ್ತು. ಸುಪ್ರೀಂ ಕೋರ್ಟ್ ಮಧ್ಯೆ ಬರಲಿಲ್ಲ. ಹೀಗಾಗಿ ಎರಡು ತೀರ್ಪುಗಳೂ ಆಯಾ ವಲಯದಲ್ಲಿ ಉಳಿದವು.

ಇದು ಒಂದು ಮಠದ ಕಥೆ ಎಂದು ಬಿಡುವಂತಿಲ್ಲ. 1950ರ ದಶಕದಲ್ಲಿ ಅಮೆರಿಕದ ದುಡಿಯುವವರಲ್ಲಿ ಶೇ 5ರಷ್ಟು ಮಂದಿಗೆ ರಾಜ್ಯದ ಲೈಸೆನ್ಸ್ ಬೇಕಿತ್ತು. ಈಗ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಬೇಕು. ಟೆಕ್ಸಸ್‌ನಲ್ಲಿ ಆಫ್ರಿಕನ್ ಶೈಲಿಯ ಜಡೆ ಹೆಣೆಯುವುದನ್ನು ಕಲಿಸಲು ಹೊರಟ ಮಹಿಳೆಯೊಬ್ಬರಿಗೆ 2,000 ಚದರ ಅಡಿಯ ಜಾಗ, ಹತ್ತು ಕ್ಷೌರದ ಕುರ್ಚಿ, ತಲೆ ತೊಳೆಯುವ ತೊಟ್ಟಿಗಳು ಇರಲೇಬೇಕೆಂದು ರಾಜ್ಯ ಹೇಳಿತ್ತು. ಜಡೆ ಹೆಣೆಯಲು ಬೇಕಾದದ್ದು ಕೈಬೆರಳು, ಬಾಚಣಿಗೆ, ತಾಳ್ಮೆ. 2015ರ ಜನವರಿಯಲ್ಲಿ ನ್ಯಾಯಾಲಯ ಆ ನಿಯಮಗಳನ್ನು ತಳ್ಳಿಹಾಕಿತು. ಅದೇ ವರ್ಷ ಟೆಕ್ಸಸ್ ಶಾಸನಸಭೆ ಜಡೆ ಹೆಣೆಯುವವರಿಗೆ ಲೈಸೆನ್ಸೇ ಬೇಡವೆಂದಿತು. ಬೇರೆ ರಾಜ್ಯದ ಲೈಸೆನ್ಸನ್ನು ತನ್ನಲ್ಲಿಯೂ ಮಾನ್ಯ ಮಾಡುವ ಸಾಮಾನ್ಯ ಕಾಯ್ದೆಯನ್ನು ಅರಿಜೋನ 2019ರಲ್ಲಿ ತಂದಿತು. ಇಂಥ ಲೈಸೆನ್ಸುಗಳಿಂದ ಪೆಟ್ಟು ತಿನ್ನುವವರು ಬಹುಪಾಲು ಬಡವರು, ವಲಸೆ ಬಂದವರು, ಹೆಂಗಸರು. ರಾಜಾಜಿಯವರು 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿ ಪರ್ಮಿಟ್ ಲೈಸೆನ್ಸ್ ರಾಜ್ಯಭಾರದ ವಿರುದ್ಧ ಮಾತನಾಡಿದಾಗ ಅವರನ್ನು ಶ್ರೀಮಂತರ ವಕೀಲ ಎಂದವರುಂಟು. ಮರದ ಪೆಟ್ಟಿಗೆಯ ಮತ್ತು ಜಡೆಯ ಈ ಪ್ರಕರಣಗಳನ್ನು ಓದಿದ ಮೇಲೆ ಆ ಟೀಕೆ ಪೂರ್ತಿ ನ್ಯಾಯವಲ್ಲ ಎನ್ನಿಸುತ್ತದೆ.

ಕಟ್ಟಳೆ ಬೆಳೆಯುವುದನ್ನು ತಡೆಯಲು ಅಲ್ಲಿನವರು ಕಂಡುಕೊಂಡ ಉಪಾಯ 'ಸನ್‌ಸೆಟ್' ಕಾನೂನು. ಸರ್ಕಾರದ ಪ್ರತಿ ಮಂಡಳಿಗೂ ಹುಟ್ಟುವಾಗಲೇ ಸಾಯುವ ದಿನಾಂಕ ಬರೆದುಬಿಡುವುದು. ಆ ದಿನದೊಳಗೆ ಶಾಸನಸಭೆ ಕೂತು, ಇದು ಇನ್ನೂ ಬೇಕು ಎಂದು ಮತ ಹಾಕಿ ಉಳಿಸಬೇಕು. ಸುಮ್ಮನಿದ್ದರೆ ಅದು ತಾನಾಗಿ ಮುಚ್ಚಿಹೋಗುತ್ತದೆ. ಮೊದಲ ಕಾನೂನು ಬಂದದ್ದು 1976ರಲ್ಲಿ, ಕೊಲರಾಡೊದಲ್ಲಿ. ಅದನ್ನು ಒತ್ತಾಯಿಸಿ ತಂದದ್ದು ಕಾಮನ್ ಕಾಸ್ ಎಂಬ ನಾಗರಿಕ ಸಂಘಟನೆ, ಬಲಪಂಥದ್ದೇನೂ ಅಲ್ಲ. 1981ರ ಹೊತ್ತಿಗೆ 36 ರಾಜ್ಯಗಳು ಅನುಸರಿಸಿದವು. ಆಮೇಲೆ ಹಲವು ಕೈಬಿಟ್ಟವು, ಏಕೆಂದರೆ ಪರಿಶೀಲನೆಗೆ ಸಮಯ ಬೇಕು, ಓದುವ ಸಿಬ್ಬಂದಿ ಬೇಕು. ಟೆಕ್ಸಸ್ ಕೈಬಿಡಲಿಲ್ಲ. 1977ರಿಂದ ಅಲ್ಲೊಂದು ಸನ್‌ಸೆಟ್ ಆಯೋಗ ಇದೆ. ಐವರು ಸೆನೆಟರುಗಳು, ಐವರು ಕೆಳಮನೆಯ ಸದಸ್ಯರು, ಇಬ್ಬರು ಸಾರ್ವಜನಿಕರು. ಸಾಮಾನ್ಯವಾಗಿ 12 ವರ್ಷಕ್ಕೊಮ್ಮೆ ಒಂದೊಂದು ಇಲಾಖೆಯ ಸರದಿ. ಸಿಬ್ಬಂದಿ ತಿಂಗಳುಗಟ್ಟಲೆ ಕಡತ ಓದಿ ವರದಿ ಬರೆಯುತ್ತಾರೆ, ಬಹಿರಂಗ ವಿಚಾರಣೆ ನಡೆಯುತ್ತದೆ, ಮಂಡಳಿಯಿಂದ ತೊಂದರೆಯಾದವರು ಎದ್ದು ನಿಂತು ಹೇಳುತ್ತಾರೆ. ಇದುವರೆಗೆ ಹತ್ತಾರು ಸಂಸ್ಥೆಗಳು ಮುಚ್ಚಿವೆ, ಇಲ್ಲವೇ ಇನ್ನೊಂದರಲ್ಲಿ ಸೇರಿವೆ. ಮುಚ್ಚಿದ್ದಕ್ಕಿಂತ ಈ ವಿಚಾರಣೆಗಳೇ ಹೆಚ್ಚು ಬೆಲೆಯುಳ್ಳವು. ಅಧಿಕಾರಿ ತನ್ನ ಇಲಾಖೆ ಯಾಕೆ ಬೇಕು ಎಂದು ಎದ್ದುನಿಂತು ಹೇಳಬೇಕಾದ ಒಂದು ದಿನ ಬರುತ್ತದೆ ಎಂಬುದೇ ದೊಡ್ಡದು.

ಈ ಉಪಾಯದಲ್ಲೂ ಅಪಾಯವಿದೆ. 2017ರಲ್ಲಿ ಟೆಕ್ಸಸ್ ವೈದ್ಯಕೀಯ ಮಂಡಳಿಯ ಅವಧಿ ಮುಗಿಯುತ್ತಿತ್ತು. ವೈದ್ಯರಿಗೆ ಲೈಸೆನ್ಸ್ ಕೊಡುವ ಮಂಡಳಿ ಅದು. ಅದನ್ನು ಉಳಿಸುವ ಮಸೂದೆಯನ್ನು, ತೃತೀಯ ಲಿಂಗಿಗಳ ಶೌಚಾಲಯ ಬಳಕೆಗೆ ಸಂಬಂಧಿಸಿದ ಬೇರೊಂದು ಜಗಳದಲ್ಲಿ ಒತ್ತೆಯಾಗಿ ಹಿಡಿಯಲಾಯಿತು. 140 ದಿನಗಳ ಅಧಿವೇಶನ ಮುಗಿದುಹೋಯಿತು. ಗವರ್ನರ್ ಗ್ರೆಗ್ ಅಬಟ್ ಜುಲೈನಲ್ಲಿ ವಿಶೇಷ ಅಧಿವೇಶನ ಕರೆದು ಮಂಡಳಿಯನ್ನು ಉಳಿಸಿಕೊಂಡರು. ಐಡಾಹೊದಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಅಲ್ಲಿ ಆಡಳಿತದ ನಿಯಮಗಳಿಗೆ ಆಗ ಪ್ರತಿ ವರ್ಷ ಶಾಸನಸಭೆಯ ಮರು ಒಪ್ಪಿಗೆ ಬೇಕಿತ್ತು. 2019ರಲ್ಲಿ ಎರಡು ಮನೆಗಳು ಜಗಳವಾಡಿ ಒಪ್ಪಿಗೆ ಕೊಡದೆ ಎದ್ದುಹೋದವು. 8,200 ಪುಟಗಳ ನಿಯಮಾವಳಿ ಒಮ್ಮೆಗೇ ಬಿದ್ದುಹೋಗುವ ಸ್ಥಿತಿ ಬಂತು. ಗವರ್ನರ್ ಬ್ರ್ಯಾಡ್ ಲಿಟಲ್ ಆ ಸಂದರ್ಭವನ್ನು ಬಳಸಿ ಬೇಡವಾದವನ್ನು ಕಿತ್ತುಹಾಕಿ ಉಳಿದವನ್ನು ಮತ್ತೆ ಹೊರಡಿಸಿದರು. ಕೆಲಸ ಒಳ್ಳೆಯದೇ ಇರಬಹುದು. ಆದರೆ ಜಗಳದ ಫಲವಾಗಿ ಆದ ಸುಧಾರಣೆಯನ್ನು ಮಾದರಿ ಎನ್ನಲು ನನಗೆ ಮನಸ್ಸಿಲ್ಲ.

ಖರ್ಚಿನ ಕಡೆಗೆ ಬಂದರೆ ಎರಡು ರಾಜ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು, ಕೊಲರಾಡೊ ಮತ್ತು ಕ್ಯಾನ್ಸಸ್. ಭೂಪಟದಲ್ಲೂ ಅವು ಅಕ್ಕಪಕ್ಕದವೇ.

ಕೊಲರಾಡೊ ಮತದಾರರು 1992ರ ನವೆಂಬರಿನಲ್ಲಿ ತಮ್ಮ ಸಂವಿಧಾನಕ್ಕೆ ಒಂದು ತಿದ್ದುಪಡಿಯನ್ನು ತಾವೇ ಗೆಲ್ಲಿಸಿದರು. ಅದರ ಹೆಸರು 'ತೆರಿಗೆದಾರರ ಹಕ್ಕುಪತ್ರ', ರೂಢಿಯಲ್ಲಿ 'ಟೇಬರ್'. ಆಗಿನ ಗವರ್ನರ್ ರಾಯ್ ರೋಮರ್ ಅದನ್ನು ವಿರೋಧಿಸಿದ್ದರು. ಹಿಂದೆ ಎರಡು ಸಲ ಜನರೇ ತಿರಸ್ಕರಿಸಿದ್ದರು. ಅದರಲ್ಲಿ ಎರಡು ಕಟ್ಟುಗಳಿವೆ. ಜನಮತಕ್ಕೆ ಹಾಕದೆ ತೆರಿಗೆ ಏರಿಸುವಂತಿಲ್ಲ ಎಂಬುದು ಒಂದು. ಸರ್ಕಾರದ ವರಮಾನ ಬೆಲೆಯೇರಿಕೆ ಮತ್ತು ಜನಸಂಖ್ಯೆಯ ಏರಿಕೆ ಕೂಡಿದಷ್ಟೇ ಬೆಳೆಯಬಹುದು, ಅದಕ್ಕಿಂತ ಹೆಚ್ಚು ಬಂದ ಹಣವನ್ನು ಜನರಿಗೆ ಹಿಂದಿರುಗಿಸಬೇಕು ಎಂಬುದು ಇನ್ನೊಂದು.

ಮೊದಲನೆಯ ಕಟ್ಟಿನ ಬಗ್ಗೆ ನನಗೆ ನಿಜವಾದ ಗೌರವವಿದೆ. ತೆರಿಗೆ ಏರಿಸುವ ಪ್ರಸ್ತಾಪ ಮತಪತ್ರದಲ್ಲಿ ಹೇಗೆ ಬರಬೇಕೆಂದು ಸಂವಿಧಾನವೇ ಹೇಳುತ್ತದೆ. ರಾಜ್ಯದ ತೆರಿಗೆಯನ್ನು ವರ್ಷಕ್ಕೆ ಇಷ್ಟು ಡಾಲರ್ ಏರಿಸಬಹುದೇ ಎಂದೇ ಪ್ರಶ್ನೆ ಶುರುವಾಗಬೇಕು. ಮಕ್ಕಳ ಭವಿಷ್ಯ, ನಾಡಿನ ಪ್ರಗತಿ ಎಂಬ ಮಾತುಗಳು ಏನಿದ್ದರೂ ಆಮೇಲೆ. ಚುನಾವಣೆಗೆ ಮುನ್ನ ಪಕ್ಷಾತೀತ ಸಿಬ್ಬಂದಿ ತಯಾರಿಸಿದ 'ನೀಲಿ ಪುಸ್ತಕ' ಮತದಾರರ ಮನೆ ಮನೆಗೆ ಅಂಚೆಯಲ್ಲಿ ಬರುತ್ತದೆ. ಪ್ರಸ್ತಾಪದ ಪರ ಏನು, ವಿರುದ್ಧ ಏನು, ನಿಮ್ಮ ಜೇಬಿನಿಂದ ಎಷ್ಟು ಹೋಗುತ್ತದೆ ಎಂಬುದೆಲ್ಲ ಅದರಲ್ಲಿರುತ್ತದೆ. ಅಡುಗೆಮನೆಯ ಮೇಜಿನ ಮೇಲೆ ಆ ಪುಸ್ತಕವನ್ನಿಟ್ಟುಕೊಂಡು ಗಂಡಹೆಂಡತಿ ಚರ್ಚಿಸಿ ಮತ ಹಾಕುವ ನಾಡಿನಲ್ಲಿ ಪ್ರಜೆ ತೆರಿಗೆಯನ್ನು ತನ್ನದೇ ತೀರ್ಮಾನವೆಂದು ಕಾಣುತ್ತಾನೆ.

ಎರಡನೆಯ ಕಟ್ಟು ಬರೀ ಗಣಿತ. ಅದು ಯಾರನ್ನೂ ಪ್ರಶ್ನೆ ಕೇಳುವುದಿಲ್ಲ. 2001ರ ಹಿಂಜರಿತದಲ್ಲಿ ವರಮಾನ ಕುಸಿಯಿತು. ಸೂತ್ರದ ಪ್ರಕಾರ ಮರುವರ್ಷದ ಮಿತಿಯನ್ನು ಆ ಕುಸಿದ ಮಟ್ಟದಿಂದಲೇ ಲೆಕ್ಕ ಹಾಕಬೇಕಾಯಿತು. ಆರ್ಥಿಕತೆ ಚೇತರಿಸಿಕೊಂಡರೂ ಸರ್ಕಾರ ಹಳೆಯ ಮಟ್ಟಕ್ಕೆ ಮರಳುವಂತಿರಲಿಲ್ಲ. ಇತ್ತ ಶಾಲೆಗಳಿಗೆ ಪ್ರತಿ ವರ್ಷ ಅನುದಾನ ಏರಿಸಬೇಕೆಂದು ಅದೇ ಮತದಾರರು 2000ದಲ್ಲಿ ಇನ್ನೊಂದು ತಿದ್ದುಪಡಿ ಗೆಲ್ಲಿಸಿದ್ದರು. ನಡುವೆ ಸಿಕ್ಕಿ ನಲುಗಿದ್ದು ಕಾಲೇಜುಗಳು ಮತ್ತು ರಸ್ತೆಗಳು. ಕೊನೆಗೆ 2005ರಲ್ಲಿ, ಟೇಬರ್ ಬೆಂಬಲಿಗರಾಗಿದ್ದ ರಿಪಬ್ಲಿಕನ್ ಗವರ್ನರ್ ಬಿಲ್ ಓವೆನ್ಸ್ ಅವರೇ ಜನರ ಮುಂದೆ ಹೋಗಿ ಐದು ವರ್ಷ ಈ ಕಟ್ಟನ್ನು ಸಡಿಲಿಸಿ ಎಂದು ಕೇಳಿದರು. ಜನ ಒಪ್ಪಿದರು. ಕುಸಿದ ಮಟ್ಟಕ್ಕೇ ಕಟ್ಟಿಹಾಕುವ ಅಂಶ ಶಾಶ್ವತವಾಗಿ ಹೋಯಿತು. ಆ ಸಡಿಲಿಕೆಗಾಗಿ ತಮ್ಮ ಪಕ್ಷದವರಿಂದಲೇ ಬೈಸಿಕೊಂಡ ಓವೆನ್ಸ್ ಅವರದು ಧೈರ್ಯದ ನಡೆ.

ತೆರಿಗೆಗೆ ಮತ ಬೇಕು, ಶುಲ್ಕಕ್ಕೆ ಬೇಡ ಎಂಬ ಸಂದು ಉಳಿದಿತ್ತು. ಶಾಸನಸಭೆ ಅದರಲ್ಲಿ ನುಸುಳಿತು. ವಾಹನ ನೋಂದಣಿಯಂಥವುಗಳ ಶುಲ್ಕ ಏರಿತು. ಸರ್ಕಾರದ ಕೆಲಸಗಳನ್ನು 'ಉದ್ಯಮ'ಗಳೆಂದು ಬೇರ್ಪಡಿಸಿ ಮಿತಿಯಿಂದ ಹೊರಗಿಡಲಾಯಿತು. ದೊಡ್ಡ ಉದ್ಯಮಗಳಿಗೂ ತಮ್ಮ ಒಪ್ಪಿಗೆ ಬೇಕೆಂದು ಮತದಾರರು 2020ರಲ್ಲಿ ಆ ಬಾಗಿಲನ್ನೂ ಅರ್ಧ ಮುಚ್ಚಿದರು. ಹೆಚ್ಚುವರಿ ಹಣವನ್ನು ಸರ್ಕಾರವೇ ಇಟ್ಟುಕೊಳ್ಳಲಿ ಎಂಬ ಪ್ರಸ್ತಾಪವನ್ನು 2019ರಲ್ಲಿ ತಿರಸ್ಕರಿಸಿದ್ದರು. 2022ರಲ್ಲಿ ತಲಾ 750 ಡಾಲರಿನ ಚೆಕ್ ಜನರ ಮನೆಗೆ ಬಂತು. ಮೂರು ದಶಕ ಕಳೆದರೂ ಕೊಲರಾಡೊ ಈ ಕಟ್ಟಿನ ಬಗ್ಗೆ ಬಹಿರಂಗವಾಗಿ ವಾದ ಮಾಡುತ್ತಲೇ ಇದೆ. ಸೂತ್ರದ ಬಗ್ಗೆ ನನಗೆ ತಕರಾರಿದೆ. ಮತದಾರನ ಮುಂದೆ ಬಂದು ಕೇಳಲೇಬೇಕೆಂಬ ನಿಯಮದ ಬಗ್ಗೆ ಇಲ್ಲ.

ಕ್ಯಾನ್ಸಸ್ ಹಿಡಿದದ್ದು ಬೇರೆ ದಾರಿ. 2012ರಲ್ಲಿ ಗವರ್ನರ್ ಸ್ಯಾಮ್ ಬ್ರೌನ್‌ಬ್ಯಾಕ್ ಆದಾಯ ತೆರಿಗೆಯ ಗರಿಷ್ಠ ದರವನ್ನು ಶೇ 6.45ರಿಂದ 4.9ಕ್ಕೆ ಇಳಿಸುವ ಕಾಯ್ದೆಗೆ ಸಹಿ ಹಾಕಿದರು. ಮಾಲೀಕರ ಹೆಸರಿನಲ್ಲೇ ತೆರಿಗೆ ಕಟ್ಟುವ ವ್ಯಾಪಾರ ಸಂಸ್ಥೆಗಳ ಆದಾಯಕ್ಕೆ ತೆರಿಗೆಯೇ ಇಲ್ಲವಾಯಿತು. ಸಲಹೆ ಕೊಟ್ಟವರಲ್ಲಿ ಅರ್ಥಶಾಸ್ತ್ರಜ್ಞ ಆರ್ಥರ್ ಲ್ಯಾಫರ್ ಇದ್ದರು. ತೆರಿಗೆ ಇಳಿದರೆ ವ್ಯಾಪಾರ ಬೆಳೆದು ಬೊಕ್ಕಸ ತಾನಾಗಿ ತುಂಬುತ್ತದೆ ಎಂಬುದು ನಂಬಿಕೆ. ಯಾವ ಖರ್ಚನ್ನು ಕಡಿಮೆ ಮಾಡುತ್ತೇವೆ ಎಂದು ಮೊದಲೇ ಹೇಳಿ ಒಪ್ಪಿಸುವ ಕೆಲಸ ಮಾತ್ರ ನಡೆಯಲಿಲ್ಲ. ಬೊಕ್ಕಸ ತುಂಬಲಿಲ್ಲ. ಹೆದ್ದಾರಿಗೆಂದು ಇಟ್ಟ ಹಣವನ್ನು ದಿನದ ಖರ್ಚಿಗೆ ತಿರುಗಿಸಿದರು. 2014ರಲ್ಲಿ ಮೂಡೀಸ್, ಆಮೇಲೆ ಸ್ಟ್ಯಾಂಡರ್ಡ್ ಅಂಡ್ ಪೂರ್ಸ್ ರಾಜ್ಯದ ಸಾಲಯೋಗ್ಯತೆಯನ್ನು ಇಳಿಸಿದವು. 2015ರಲ್ಲಿ ಮಾರಾಟ ತೆರಿಗೆಯನ್ನು ಶೇ 6.5ಕ್ಕೆ ಏರಿಸಿದರು. ಕ್ಯಾನ್ಸಸ್‌ನಲ್ಲಿ ಆಗ ದಿನಸಿ ಸಾಮಾನಿಗೂ ಅದೇ ದರ. ವ್ಯಾಪಾರಿಯ ತೆರಿಗೆ ಬಿಟ್ಟು ಹಾಲು ಬ್ರೆಡ್ಡಿಗೆ ತೆರಿಗೆ ಏರಿಸಿದ್ದನ್ನು ಯಾವ ಪಂಥದ ತರ್ಕದಿಂದಲೂ ಸಮರ್ಥಿಸಲಾಗದು. ಶಾಲೆಗಳಿಗೆ ಕೊಡುವ ಹಣ ಸಂವಿಧಾನ ಬೇಡುವಷ್ಟಿಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು.

2017ರ ಜೂನಿನಲ್ಲಿ ಶಾಸನಸಭೆ ತೆರಿಗೆಗಳನ್ನು ಹಿಂದಕ್ಕೆ ತಂದಿತು. ಗವರ್ನರ್ ವೀಟೊ ಹಾಕಿದರು. ಕೆಳಮನೆ 88-31, ಸೆನೆಟ್ 27-13 ಮತಗಳಿಂದ ವೀಟೊವನ್ನು ಮೀರಿದವು. ಎರಡು ಮನೆಗಳಲ್ಲಿಯೂ ರಿಪಬ್ಲಿಕನ್ನರದೇ ದೊಡ್ಡ ಬಹುಮತವಿತ್ತು. ಕನ್ಸರ್ವೇಟಿವ್ ಚಿಂತನೆ ಸೋತಿತೆಂದು ಆಗ ಪತ್ರಿಕೆಗಳು ಬರೆದವು. ನನ್ನ ಓದು ಬೇರೆ. ಲೆಕ್ಕ ಕೂಡದಿದ್ದಾಗ ತಮ್ಮವರೇ ಆದ ಗವರ್ನರಿಗೆ ಇಲ್ಲವೆಂದ ಆ ಶಾಸಕರು ತಮ್ಮ ಪಂಥದ ಹಳೆಯ ಪಾಠವನ್ನು, 1840ರ ದಶಕದ ಪಾಠವನ್ನು, ನೆನಪಿಟ್ಟುಕೊಂಡವರು.

ಕಟ್ಟಳೆ ಕಡಿಮೆಯಾದರೆ ಸಾಕು ಎನ್ನುವವರು ಮತ್ತೆ ಟೆಕ್ಸಸ್ ಕಡೆಗೆ ನೋಡಬೇಕು. ಕೇಂದ್ರದ ನಿಯಂತ್ರಣ ಬೇಡವೆಂದು ಆ ರಾಜ್ಯದ ಹೆಚ್ಚಿನ ಭಾಗ ಪ್ರತ್ಯೇಕ ವಿದ್ಯುತ್ ಜಾಲವನ್ನು ಇಟ್ಟುಕೊಂಡಿದೆ. 2011ರಲ್ಲಿ ಚಳಿಗೆ ವಿದ್ಯುತ್ ಸ್ಥಾವರಗಳು ಕೆಟ್ಟುನಿಂತಾಗ, ಅವನ್ನು ಚಳಿ ತಡೆಯುವಂತೆ ಸಜ್ಜುಗೊಳಿಸಿ ಎಂದು ಕೇಂದ್ರದ ವರದಿ ಸಲಹೆ ಕೊಟ್ಟಿತ್ತು. ಟೆಕ್ಸಸ್ ಅದನ್ನು ಕಡ್ಡಾಯ ಮಾಡಲಿಲ್ಲ. 2021ರ ಫೆಬ್ರುವರಿಯ ಹಿಮಗಾಳಿಯಲ್ಲಿ 45 ಲಕ್ಷಕ್ಕೂ ಹೆಚ್ಚು ಮನೆಗಳು ಕತ್ತಲಾದವು. ರಾಜ್ಯದ ಅಧಿಕೃತ ಲೆಕ್ಕದಲ್ಲೇ 246 ಜನ ಸತ್ತರು. ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್‌ಗಳಲ್ಲಿ ನಮ್ಮ ಕನ್ನಡದ ಮಕ್ಕಳು ಸಾವಿರಾರು ಮಂದಿ ಇದ್ದಾರೆ. ಆ ವಾರ ಇಲ್ಲಿನ ಎಷ್ಟೋ ತಂದೆತಾಯಿಯರಿಗೆ ನಿದ್ದೆ ಇರಲಿಲ್ಲ. ವಿದ್ಯುತ್ ಸ್ಥಾವರಗಳಿಗೆ ಅನಿಲ ಕಳಿಸುವ ಘಟಕಗಳಲ್ಲಿ ಹಲವು, ತಮ್ಮ ಕರೆಂಟ್ ತೆಗೆಯಬಾರದೆಂದು ಕೋರುವ ಅರ್ಜಿಯನ್ನೇ ತುಂಬಿರಲಿಲ್ಲ. ಅವುಗಳ ಕರೆಂಟೂ ಹೋಗಿ ಅನಿಲವೂ ನಿಂತಿತು. ಅನಿಲದ ಉಸ್ತುವಾರಿ ಇರುವುದು 'ರೈಲ್‌ರೋಡ್ ಕಮಿಷನ್' ಎಂಬ ಸಂಸ್ಥೆಯ ಕೈಯಲ್ಲಿ. 2005ರಿಂದ ಅದಕ್ಕೂ ರೈಲಿಗೂ ಯಾವ ಸಂಬಂಧವೂ ಇಲ್ಲ. ಹೆಸರನ್ನಾದರೂ ಬದಲಿಸಿ, ಜನರಿಗೆ ಇದು ಯಾವ ಕೆಲಸದ ಸಂಸ್ಥೆಯೆಂದು ತಿಳಿಯಲಿ ಎಂದು ಸನ್‌ಸೆಟ್ ಆಯೋಗ ಮತ್ತೆ ಮತ್ತೆ ಹೇಳಿತ್ತು. ಶಾಸನಸಭೆ ಬದಲಿಸಲಿಲ್ಲ. ಚಳಿ ತಡೆಯುವ ಸಜ್ಜಿಕೆಯನ್ನು ಕಡ್ಡಾಯ ಮಾಡುವ ಕಾನೂನು ಬಂದದ್ದು ಸಾವುಗಳಾದ ಮೇಲೆ, ಅದೇ ವರ್ಷ. ಜಡೆ ಹೆಣೆಯುವವಳ ಕೋಣೆಯನ್ನು ಅಳೆಯುತ್ತಿದ್ದ ರಾಜ್ಯ ಕೊಳವೆಗಳು ಹೆಪ್ಪುಗಟ್ಟುತ್ತವೆಯೇ ಎಂದು ನೋಡಿರಲಿಲ್ಲ. ಕಟ್ಟಳೆ ಎಷ್ಟಿದೆ ಎಂಬ ಎಣಿಕೆಗಿಂತ, ಯಾರ ಮೇಲಿದೆ, ಅದು ತಪ್ಪಿದರೆ ಉತ್ತರ ಯಾರು ಕೊಡುತ್ತಾರೆ ಎಂಬುದು ನನಗೆ ಮುಖ್ಯ.

ನಮ್ಮ ರಾಜ್ಯದ ಕಡೆಗೆ ಒಂದು ಮಾತು. ಇಂಥ ಕಟ್ಟನ್ನು ಭಾರತದಲ್ಲಿ ಮೊದಲು ಹಾಕಿಕೊಂಡ ರಾಜ್ಯ ಕರ್ನಾಟಕ. ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಅಧಿನಿಯಮ ಬಂದದ್ದು 2002ರಲ್ಲಿ, ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ. ಕೇಂದ್ರದ ಇಂಥದ್ದೇ ಕಾಯ್ದೆ ಬಂದದ್ದು ಮರುವರ್ಷ. ರಾಜಸ್ವ ಕೊರತೆ ಇರಬಾರದು, ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ 3ನ್ನು ಮೀರಬಾರದು ಎಂಬ ಗುರಿಗಳನ್ನು ಅದು ಹಾಕಿತು. ಅದರ ಫಲವಾಗಿ ಹಲವು ವರ್ಷ ನಮ್ಮದು ಶಿಸ್ತಿನ ರಾಜ್ಯವೆಂಬ ಹೆಸರಿತ್ತು. ಕೋವಿಡ್ ಬಂದಾಗ 2020ರಲ್ಲಿ ತಿದ್ದುಪಡಿ ತಂದು ಆ ವರ್ಷದ ಮಿತಿಯನ್ನು ಶೇ 5ಕ್ಕೆ ಏರಿಸಲಾಯಿತು. ಏರಿಸುವ ಅಗತ್ಯವಿತ್ತು, ಆ ಬಗ್ಗೆ ನನ್ನ ತಕರಾರಿಲ್ಲ. ಕೊಲರಾಡೊದಲ್ಲಾದರೆ ಅದು ಮತಪತ್ರದ ಮೇಲೆ ಬರುತ್ತಿತ್ತು. ಇಲ್ಲಿ ಸದನದೊಳಗೇ ಮುಗಿಯಿತು. ನಮ್ಮ ರಾಜ್ಯಗಳು ಕೇಂದ್ರದ ಹಳೆಯ ಸಾಲ ಬಾಕಿ ಇರುವಾಗ ಹೊಸ ಸಾಲ ಎತ್ತಲು ಸಂವಿಧಾನದ 293ನೇ ವಿಧಿಯಂತೆ ಕೇಂದ್ರದ ಒಪ್ಪಿಗೆ ಪಡೆಯಬೇಕು. ಹಾಗಾಗಿ ಸಾಲದ ವಿಚಾರದಲ್ಲಿ ಸರ್ಕಾರ ದೆಹಲಿಗೆ ಉತ್ತರ ಕೊಡುತ್ತದೆ, ನಮಗೆ ಕೊಡುವುದು ಕಡಿಮೆ. ಅದನ್ನು ಕೇಳಿ ಪಡೆಯಬೇಕಾದವರು ನಾವೇ.

ವಿದ್ಯಾರ್ಥಿ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟು. 2002ರ ಕಾಯ್ದೆಯಂತೆ ಪ್ರತಿ ವರ್ಷ ಬಜೆಟ್ಟಿನ ಜೊತೆಗೆ ಮಧ್ಯಮಾವಧಿ ವಿತ್ತೀಯ ಯೋಜನೆ ಎಂಬ ದಾಖಲೆ ಸದನದಲ್ಲಿ ಮಂಡನೆಯಾಗುತ್ತದೆ. ಮುಂದಿನ ವರ್ಷಗಳಲ್ಲಿ ವರಮಾನ ಎಷ್ಟು, ಸಾಲ ಎಷ್ಟು, ಬಡ್ಡಿ ಎಷ್ಟು ಎಂದು ಸರ್ಕಾರ ತನ್ನ ಬಾಯಿಂದಲೇ ಹೇಳುವ ಪತ್ರ ಅದು. ಬಜೆಟ್ ಭಾಷಣ ಟಿ.ವಿ.ಯಲ್ಲಿ ಬರುತ್ತದೆ, ಇದು ಬರುವುದಿಲ್ಲ. ಹಣಕಾಸು ಇಲಾಖೆಯ ಜಾಲತಾಣದಿಂದ ಅದನ್ನು ಇಳಿಸಿಕೊಂಡು ಓದಿ. ಹಿಂದಿನ ವರ್ಷ ಹೇಳಿದ್ದೇನು, ಈ ವರ್ಷ ಆಗಿದ್ದೇನು ಎಂದು ಪಕ್ಕಪಕ್ಕ ಇಟ್ಟು ನೋಡಿ. ತಾಳೆಯಾಗದ ಕಡೆ ಗುರುತು ಹಾಕಿಕೊಂಡು ನಿಮ್ಮ ಕ್ಷೇತ್ರದ ಶಾಸಕರನ್ನು, ಅವರು ಯಾವ ಪಕ್ಷದವರೇ ಇರಲಿ, ಎದುರಿಗೆ ಸಿಕ್ಕಾಗ ಕೇಳಿ.